ಮೆಡೋಸ್ ಟೇಲರನ ಬಹುಮುಖ ಬರವಣಿಗೆ ಮತ್ತು ನಮ್ಮ ಗಡಿನಾಡು

ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಶಿಕ್ಷಕ ಬಾಂಧವರಿಗೆ ರಾಬರ್ಟ್ ಲೂಯಿ ಸ್ಟೀವನ್ಸನ್ನನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. 1850ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹುಟ್ಟಿ 1894ರಲ್ಲಿ ಶಾಂತಸಾಗರದ ಸಮೋವಾ ದ್ವೀಪದಲ್ಲಿ ತೀರಿಕೊಂಡ ಈತನು ಬಾಳಿದ್ದು 44 ವರ್ಷ ಮಾತ್ರ. ಅಷ್ಟರಲ್ಲಿಯೇ ಕತ್ತೆಯೊಂದನ್ನು ಜೊತೆಮಾಡಿಕೊಂಡು ಫ್ರಾನ್ಸಿನ ಬೆಟ್ಟಗಳಲ್ಲಿ ಅಲೆದ ಪ್ರವಾಸಕಥನವನ್ನೂ, ಹುಡುಗರು ಊಟ ಮರೆತು ಓದುವ 'ಟ್ರೆಜರ್ ಐಲೆಂಡ್' ಎಂಬ ಸಾಹಸಕಥೆಯನ್ನೂ, ಮಕ್ಕಳ ಪದ್ಯಗಳನ್ನೂ, ಮನುಷ್ಯನೊಳಗಿನ ಇಬ್ಬಂದಿತನವನ್ನು ತೆರೆದು ತೋರಿಸುವ 'ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್' ಎಂಬ ಕಥೆಯನ್ನೂ, ತನ್ನ ನಾಡಿನ ಇತಿಹಾಸವನ್ನು ಹೆಣೆದುಕೊಂಡ 'ಕಿಡ್ನ್ಯಾಪ್ಡ್' ಕಾದಂಬರಿಯನ್ನೂ ಬರೆದನು. ಸಮೋವಾದ ಜನರು ಅವನನ್ನು 'ಟುಸಿಟಾಲ' ಎಂದರು. ಕಥೆ ಹೇಳುವವನು ಎಂದು ಅದರ ಅರ್ಥ.

ಇಂತಹ ಬಹುಮುಖ ಬರಹಗಾರನನ್ನು ಕಾಣಲು ನಾವು ಸಮೋವಾದವರೆಗೆ ಹೋಗಬೇಕಾಗಿಲ್ಲ. ಸ್ಟೀವನ್ಸನ್ನನಿಗಿಂತ 42 ವರ್ಷ ಹಿರಿಯನಾದ ಒಬ್ಬ ಆಂಗ್ಲ ಲೇಖಕನು ಸೊಲ್ಲಾಪುರ-ಅಕ್ಕಲಕೋಟೆಗಳ ನೆರೆಯ ನಳದುರ್ಗದಲ್ಲಿಯೇ ಕೆಲಕಾಲ ಅಧಿಕಾರ ನಡೆಸಿ, ನಮ್ಮ ಸುತ್ತಣ ಊರುಗಳನ್ನೇ ತನ್ನ ಕಥೆಗಳ ರಂಗಭೂಮಿಯಾಗಿ ಮಾಡಿಕೊಂಡನು. ಆತನೇ ಫಿಲಿಪ್ ಮೆಡೋಸ್ ಟೇಲರ. ನಳದುರ್ಗದ ಕೋಟೆಯನ್ನು ಬಳಸಿ ಬರುವ ಬೋರಿ ನದಿಯೇ ಅಕ್ಕಲಕೋಟೆ ತಾಲೂಕಿನಲ್ಲಿ ಹರಿದು ಭೀಮೆಯನ್ನು ಕೂಡುತ್ತದೆ. ಆದರೂ ನಮ್ಮ ಶಾಲೆಗಳಲ್ಲಿ ಸ್ಟೀವನ್ಸನ್ನನ ಹೆಸರು ಕೇಳಿದ ಮಕ್ಕಳಷ್ಟು ಟೇಲರನ ಹೆಸರು ಕೇಳಿದ ಮಕ್ಕಳಿಲ್ಲ. ಈ ಕಾರಣದಿಂದಲೇ ಆತನ ಬರವಣಿಗೆಯ ಸ್ಥೂಲ ಪರಿಚಯವನ್ನು ಇಲ್ಲಿ ಮಾಡಿಕೊಡಲು ಬಯಸುತ್ತೇವೆ.

ಜೀವನ ರೇಖೆ

ಟೇಲರನು 1808ರ ಸೆಪ್ಟೆಂಬರದಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದನು. 1824ರಲ್ಲಿ, ಇನ್ನೂ 16 ತುಂಬದ ಹುಡುಗನಾಗಿ, ಮುಂಬಯಿಯ ವ್ಯಾಪಾರಿಯೊಬ್ಬನಲ್ಲಿ ನೌಕರಿಗೆಂದು ಹಡಗು ಹತ್ತಿ ಬಂದನು. ಬಂದು ನೋಡಿದರೆ ವ್ಯಾಪಾರಿಯ ವ್ಯವಹಾರವೇ ಕುಸಿಯುವ ಸ್ಥಿತಿಯಲ್ಲಿತ್ತು. ಬಂಧುವೊಬ್ಬರ ನೆರವಿನಿಂದ ಅದೇ ವರ್ಷ ಹೈದರಾಬಾದ ನಿಜಾಮನ ಸೈನ್ಯದಲ್ಲಿ ಅವನಿಗೆ ಸ್ಥಾನ ದೊರೆಯಿತು. ಅಂದಿನಿಂದ 1860ರಲ್ಲಿ ಆರೋಗ್ಯ ಕೆಟ್ಟು ತಾಯ್ನಾಡಿಗೆ ಮರಳುವವರೆಗೆ, ನಡುವಿನ ರಜೆಯ ಕಾಲವನ್ನು ಬಿಟ್ಟರೆ, ಅವನ ಬಾಳೆಲ್ಲ ದಖ್ಖನದಲ್ಲಿಯೇ ಕಳೆಯಿತು. ದೊಡ್ಡ ಶಾಲೆಯ ಓದು ಅವನಿಗಿರಲಿಲ್ಲ. ನ್ಯಾಯಶಾಸ್ತ್ರ, ಭೂಮಾಪನ, ಭೂಗರ್ಭಶಾಸ್ತ್ರ ಇವೆಲ್ಲವನ್ನೂ ಸ್ವಂತ ಪರಿಶ್ರಮದಿಂದ ಕಲಿತನು. 1840ರಿಂದ 1853ರವರೆಗೆ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಇಲ್ಲಿಂದ ವರದಿಗಳನ್ನೂ ಬರೆಯುತ್ತಿದ್ದನು.

1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. 1853ರ ಒಪ್ಪಂದದಂತೆ ನಿಜಾಮನು ವರ್ಹಾಡ, ರಾಯಚೂರು ದೋಆಬ್ ಮತ್ತು ನಳದುರ್ಗ ಪ್ರಾಂತಗಳನ್ನು ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಿದಾಗ ನಳದುರ್ಗಕ್ಕೆ ಡೆಪ್ಯುಟಿ ಕಮಿಶನರನಾಗಿ ಬಂದನು. 1857ರ ದಂಗೆಯ ಕಾಲದಲ್ಲಿ ವರ್ಹಾಡಕ್ಕೂ, 1858ರಲ್ಲಿ ಮರಳಿ ಸುರಪುರಕ್ಕೂ ಅವನ ವರ್ಗಾವಣೆಯಾಯಿತು.

ಠಗ್ಗನ ಕಥೆ

ಟೇಲರನಿಗೆ ಮೊದಲು ಕೀರ್ತಿ ತಂದುದು 1839ರಲ್ಲಿ ಪ್ರಕಟವಾದ 'ಕನ್ಫೆಶನ್ಸ್ ಆಫ್ ಎ ಥಗ್' ಎಂಬ ಕಾದಂಬರಿ. ದಾರಿಹೋಕರ ಸ್ನೇಹ ಬೆಳೆಸಿ, ನಂಬಿಸಿ, ಕೊರಳಿಗೆ ರುಮಾಲು ಬಿಗಿದು ಕೊಲ್ಲುವ ಠಗ್ಗರ ವೃತ್ತಾಂತವದು. ಪೋಲೀಸು ಅಧಿಕಾರಿಯಾಗಿ ಅವನು ಕಂಡು ಕೇಳಿದ ಸಂಗತಿಗಳೂ, ಮಾಫಿ ಸಾಕ್ಷಿಗಳಾದ ಠಗ್ಗರು ಕೊಟ್ಟ ಹೇಳಿಕೆಗಳೂ ಇದಕ್ಕೆ ಆಧಾರ. ಕಥಾನಾಯಕ ಅಮೀರ ಅಲಿಯು ತಾನು ಭಾಗವಹಿಸಿದ 719 ಕೊಲೆಗಳ ಲೆಕ್ಕವನ್ನು ನಾಚಿಕೆಯಿಲ್ಲದೆ ಹೇಳುತ್ತಾನೆ. ಕೊಲೆಗಾರನ ಬಾಯಿಂದಲೇ ಕಥೆ ಹೇಳಿಸಿರುವುದು ಈ ಗ್ರಂಥದ ಬಲ. ಕೇಳುವ ಸಾಹೇಬನು ನಡುನಡುವೆ ಹೌಹಾರಿದರೂ ಕಥೆಯ ಸೆಳೆತದಿಂದ ಬಿಡಿಸಿಕೊಳ್ಳಲಾರನು. ವಾಚಕನ ಗತಿಯೂ ಅದೇ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯೂ ಇದನ್ನು ಆಸಕ್ತಿಯಿಂದ ಓದಿದಳು.

ಆದರೆ ಇದನ್ನು ಇತಿಹಾಸವೆಂದು ಕಣ್ಣು ಮುಚ್ಚಿ ಒಪ್ಪಲಾಗದು. ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ಬಯಸುವ ಕೈದಿಯು ಅಧಿಕಾರಿಯ ಮುಂದೆ ಆಡಿದ ಮಾತು ಇದರ ತಳಹದಿ. ಠಗ್ಗರ ಚಿತ್ರವು ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿ ಅತಿರಂಜಿತವಾಯಿತೆಂದು ಇತ್ತೀಚಿನ ಕೆಲವು ಇತಿಹಾಸಕಾರರು ವಾದಿಸುತ್ತಾರೆ.

ಐತಿಹಾಸಿಕ ಕಾದಂಬರಿಗಳು

1840ರಲ್ಲಿ 'ಟಿಪ್ಪು ಸುಲ್ತಾನ' ಹೊರಬಂದ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಟೇಲರನು ಕಾದಂಬರಿ ಪ್ರಕಟಿಸಲಿಲ್ಲ. ನಿವೃತ್ತನಾದ ಮೇಲೆ ಮೂರು ಕಾದಂಬರಿಗಳ ಒಂದು ಮಾಲೆಯನ್ನು ಕಟ್ಟಿದನು. 1657, 1757, 1857 ಎಂಬ ಮೂರು ನೂರ್ವರ್ಷಗಳ ಗಡುವುಗಳು ಅದರ ಸೂತ್ರ. 'ತಾರಾ' (1863) ಮರಾಠರ ಏಳಿಗೆಯನ್ನೂ, 'ರಾಲ್ಫ್ ಡಾರ್ನೆಲ್' (1865) ಪ್ಲಾಸಿಯ ಕಾಲವನ್ನೂ, 'ಸೀತಾ' (1872) ಸಿಪಾಯಿ ದಂಗೆಯನ್ನೂ ಕುರಿತವು. 'ಸೀತಾ'ದಲ್ಲಿ ಆಂಗ್ಲ ಅಧಿಕಾರಿಯೊಬ್ಬನು ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. ದಂಗೆ ಮುಗಿದು ಕೆಲವೇ ವರ್ಷಗಳಲ್ಲಿ, ಎರಡೂ ಕಡೆ ದ್ವೇಷ ಆರದಿದ್ದಾಗ, ಇಂತಹ ಕಥೆ ಬರೆಯಲು ಎದೆಗಾರಿಕೆ ಬೇಕಾಗಿತ್ತು.

ನಮಗೆ ಹೆಚ್ಚು ಹತ್ತಿರದ್ದು 'ತಾರಾ'. ಇದರ ನಾಯಿಕೆ ತುಳಜಾಪುರದ ಶಾಸ್ತ್ರಿಯೊಬ್ಬನ ಮಗಳು, ಬಾಲವಿಧವೆ. ಅಂಬಾಭವಾನಿಯ ಗುಡಿ, ಬಾಲಾಘಾಟದ ಕಣಿವೆ, ವಿಜಾಪುರದ ದರಬಾರು, ಅಫಜಲಖಾನನ ಮನೆತನ, ಶಿವಾಜಿಯ ಮಾವಳಿಗರು ಎಲ್ಲರೂ ಇಲ್ಲಿ ಬರುತ್ತಾರೆ. ನಳದುರ್ಗದ ಅಧಿಕಾರಿಯಾಗಿ ತುಳಜಾಪುರದ ಸುತ್ತಣ ನೆಲವನ್ನು ಬಲ್ಲವನಾದುದರಿಂದ ಅವನ ಸ್ಥಳವರ್ಣನೆಯಲ್ಲಿ ಕೇಳಿಬರೆದ ಪೇಲವತನವಿಲ್ಲ. ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಅಫಜಲಖಾನನ ವಧೆ ನಡೆದುದು 1659ರ ನವೆಂಬರದಲ್ಲಿ. ನೂರ್ವರ್ಷಗಳ ಸೂತ್ರಕ್ಕಾಗಿ ಟೇಲರನು ಅದನ್ನು 1657ಕ್ಕೆ ಹೊಂದಿಸಿಕೊಂಡಿದ್ದಾನೆ. ಕಾದಂಬರಿಕಾರನ ಈ ಸ್ವಾತಂತ್ರ್ಯವು ಇತಿಹಾಸದ ಶಿಕ್ಷಕನಿಗೆ ಇಲ್ಲ.

ಅವನ ಮರಣಾನಂತರ 1878ರಲ್ಲಿ ಬಂದ 'ಎ ನೋಬಲ್ ಕ್ವೀನ್' ಚಾಂದಬೀಬಿಯನ್ನು ಕುರಿತದ್ದು. ಅಹಮದನಗರದ ಈ ರಾಜಪುತ್ರಿ ವಿಜಾಪುರದ ಸೊಸೆಯಾಗಿ ಬಂದಾಗ ಬಳುವಳಿಯಾಗಿ ಕೊಟ್ಟದ್ದು ಸೊಲ್ಲಾಪುರದ ಕೋಟೆಯೇ ಎಂಬುದನ್ನು ನಮ್ಮ ಮಕ್ಕಳಿಗೆ ನೆನಪಿಸಬೇಕು. ಕೃಷ್ಣೆಯ ನಡುವಣ ಜಲದುರ್ಗವೂ ಬೇಡ ವೀರರೂ ಈ ಕಥೆಯಲ್ಲಿ ಬರುತ್ತಾರೆ.

ಕಲ್ಲುಗಳ ಓದು

ಕಾದಂಬರಿಕಾರನೆಂದಷ್ಟೇ ಟೇಲರನನ್ನು ತಿಳಿದವರು ಅವನ ಇನ್ನೊಂದು ಮುಖವನ್ನು ಕಾಣರು. ಸುರಪುರದ ಸೀಮೆಯಲ್ಲಿ ಹೊಲಗಳ ನಡುವೆ ನಿಂತ ಬೃಹತ್ ಶಿಲಾಗೋರಿಗಳನ್ನು ಅಳೆದು, ಅಗೆದು, ನಕ್ಷೆ ಬರೆದು ವಿದ್ವತ್ ಪತ್ರಿಕೆಗಳಲ್ಲಿ ಪ್ರಕಟಿಸಿದ ಮೊದಲಿಗರಲ್ಲಿ ಇವನೊಬ್ಬನು. ಭೀಮಾತೀರದ ಫಿರೋಜಾಬಾದದ ಬಳಿಯ ಜೇವರ್ಗಿಯ ಅವಶೇಷಗಳು, ರಾಜನಕೋಳೂರಿನ ಕಲ್ಮನೆಗಳು, ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಬಂಡೆಗಳು ಅವನ ಲೇಖನಗಳಿಂದಲೇ ಹೊರನಾಡಿನ ವಿದ್ವಾಂಸರ ಗಮನಕ್ಕೆ ಬಂದವು. ಇವು ಯುರೋಪಿನ ಪ್ರಾಚೀನ ಜನಾಂಗಗಳಿಗೆ ಸಂಬಂಧಪಟ್ಟವೆಂಬ ಅವನ ಊಹೆಯನ್ನು ಇಂದಿನ ಪುರಾತತ್ತ್ವವು ಒಪ್ಪುವುದಿಲ್ಲ. ಆದರೆ ಊಹೆ ಬಿದ್ದುಹೋದರೂ ಅಳತೆ ಉಳಿಯುತ್ತದೆ. 1866ರಲ್ಲಿ ವಿಜಾಪುರದ ಮತ್ತು ಧಾರವಾಡ-ಮೈಸೂರು ಸೀಮೆಗಳ ವಾಸ್ತುಶಿಲ್ಪದ ಛಾಯಾಚಿತ್ರಗಳ ಎರಡು ದೊಡ್ಡ ಸಂಪುಟಗಳಿಗೂ ಇತಿಹಾಸ ಭಾಗವನ್ನು ಬರೆದುಕೊಟ್ಟನು. 1870ರಲ್ಲಿ ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸದ ಕೈಪಿಡಿಯನ್ನು ಪ್ರಕಟಿಸಿದನು.

ಆತ್ಮಕಥೆ ಮತ್ತು ಸುರಪುರದ ದುರಂತ

ಟೇಲರನ ಎಲ್ಲ ಗ್ರಂಥಗಳಲ್ಲಿ ನಾವು ಮೇಲಾದುದೆಂದು ಎಣಿಸುವುದು ಅವನ ಆತ್ಮಕಥೆ 'ದಿ ಸ್ಟೋರಿ ಆಫ್ ಮೈ ಲೈಫ್'. ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳು ಆಲಿಸ್ ಅದನ್ನು ಸಂಪಾದಿಸಿ ಪ್ರಕಟಿಸಿದಳು. ಕೆರೆ, ರಸ್ತೆ, ಭೂಮಾಪನ, ಕಂದಾಯ, ಜಾತ್ರೆ, ಬರ ಎಲ್ಲವೂ ಇದರಲ್ಲಿವೆ. ಆದರೆ ಇದರ ಜೀವಾಳ ಸುರಪುರದ ಬಾಲರಾಜ ವೆಂಕಟಪ್ಪ ನಾಯಕನ ಕಥೆ. ತಂದೆಯನ್ನು ಕಳೆದುಕೊಂಡ ಆ ಹುಡುಗನು ಟೇಲರನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನು. 1853ರಲ್ಲಿ ರಾಜ್ಯವನ್ನು ಅವನ ಕೈಗೊಪ್ಪಿಸಿ ಟೇಲರನು ಹೊರಟುಬಂದನು. 1858ರ ಫೆಬ್ರುವರಿಯಲ್ಲಿ ಅದೇ ರಾಜನು ಬ್ರಿಟಿಷರ ವಿರುದ್ಧ ಕತ್ತಿಯೆತ್ತಿ, ಸೋತು, ಸೆರೆಸಿಕ್ಕನು. ಮರಣದಂಡನೆಯನ್ನು ಇಳಿಸುತ್ತ ಇಳಿಸುತ್ತ ಕೊನೆಗೆ ನಾಲ್ಕು ವರ್ಷದ ಸೆರೆವಾಸಕ್ಕೆ ತಂದರು. ಆದರೆ ಸೆರೆಗೆ ಒಯ್ಯುವ ದಾರಿಯಲ್ಲಿಯೇ ಗುಂಡು ತಗುಲಿ ಆ ತರುಣನು ಅಸುನೀಗಿದನು. ಬಂಧನದಲ್ಲಿದ್ದ ಅವನನ್ನು ಕಂಡು ಬಂದುದನ್ನು ಟೇಲರನು ಬರೆದಿರುವ ಪುಟಗಳನ್ನು ಎದೆ ಭಾರವಾಗದೆ ಓದುವುದು ಕಷ್ಟ.

ಇಲ್ಲಿಯೇ ಸ್ಟೀವನ್ಸನ್ನನಿಗೂ ಟೇಲರನಿಗೂ ಇರುವ ಅಂತರ ಸ್ಪಷ್ಟವಾಗುತ್ತದೆ. ಸಮೋವಾದಲ್ಲಿ ಸ್ಟೀವನ್ಸನ್ನನಿಗೆ ಸರಕಾರದ ಕುರ್ಚಿ ಇರಲಿಲ್ಲ. ಆದುದರಿಂದ 1892ರಲ್ಲಿ ಅವನು ದೊಡ್ಡ ರಾಷ್ಟ್ರಗಳು ಆ ದ್ವೀಪದಲ್ಲಿ ನಡೆಸಿದ ಹಸ್ತಕ್ಷೇಪವನ್ನು ಖಂಡಿಸಿ ಒಂದು ಗ್ರಂಥವನ್ನೇ ಬರೆಯಬಲ್ಲವನಾದನು. ಟೇಲರನು ಅಂತಃಕರಣದಿಂದ ಅಪ್ಪ, ಉದ್ಯೋಗದಿಂದ ಸಾಹೇಬ. ಹುಡುಗನಿಗಾಗಿ ಮರುಗಿದನು, ಆದರೆ ಹುಡುಗನು ಏಕೆ ಕತ್ತಿಯೆತ್ತಿದನು ಎಂಬ ಪ್ರಶ್ನೆಯನ್ನು ಆಳುವವರ ಕಡೆಯಿಂದಲೇ ನೋಡಿದನು. ಸುರಪುರದ ಜನ ಅದನ್ನು ಸ್ವಾತಂತ್ರ್ಯದ ಹೋರಾಟವೆಂದು ನೆನೆಯುತ್ತಾರೆ. ಈ ಎರಡು ನೋಟಗಳನ್ನೂ ಎದುರುಬದುರಾಗಿ ಇಟ್ಟು ಓದಿದಾಗಲೇ ಟೇಲರನು ನಮಗೆ ಪೂರ್ತಿ ದಕ್ಕುತ್ತಾನೆ.

ಶಿಕ್ಷಕರ ಕೆಲಸ

ಗಡಿಯ ಮಕ್ಕಳಿಗೆ ತಮ್ಮ ಊರು ಎಲ್ಲ ಪುಸ್ತಕಗಳ ಅಂಚಿನಲ್ಲಿದೆ ಎಂಬ ಭಾವನೆ ಬೇಗನೆ ಬೆಳೆಯುತ್ತದೆ. ಒಂದು ರಾಜ್ಯದ ಪಠ್ಯದಲ್ಲಿ ಅದು ಕೊನೆಯ ಸಾಲು, ಇನ್ನೊಂದರಲ್ಲಿ ಹೊರಗಿನ ಸಾಲು. ಟೇಲರನ ಗ್ರಂಥಗಳಲ್ಲಿ ಹಾಗಿಲ್ಲ. ಅಲ್ಲಿ ತುಳಜಾಪುರ, ನಳದುರ್ಗ, ವಿಜಾಪುರ, ಸುರಪುರಗಳೇ ನಡುಮನೆ. ಲಂಡನ್ನೇ ದೂರದ ಊರು. ಕನ್ನಡ, ಮರಾಠಿ, ದಖನಿ ಆಡುವವರು ಅಲ್ಲಿ ಒಂದೇ ನೆಲದವರಾಗಿ ಬಾಳುತ್ತಾರೆ.

ಆದುದರಿಂದ ನಮ್ಮ ಸೂಚನೆಯಿಷ್ಟು: ಒಂಬತ್ತನೆಯ ಇಯತ್ತೆಯ ಮಕ್ಕಳನ್ನು ವರ್ಷಕ್ಕೊಮ್ಮೆ ನಳದುರ್ಗಕ್ಕೆ ಕರೆದೊಯ್ದು, ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದ ಅಣೆಕಟ್ಟನ್ನೂ ಅದರ ಒಡಲಲ್ಲಿರುವ ಪಾಣಿ ಮಹಲನ್ನೂ ತೋರಿಸಬೇಕು. 'ತಾರಾ'ದಲ್ಲಿ ಬರುವ ಊರುಗಳನ್ನು ಅವರ ಕೈಯಿಂದಲೇ ನಕ್ಷೆಯಲ್ಲಿ ಗುರುತಿಸಿಸಬೇಕು. ಆತ್ಮಕಥೆಯ ಸುರಪುರದ ಭಾಗವನ್ನು ಸರಳ ಕನ್ನಡದಲ್ಲಿ ಹೇಳಿ, ಅದೇ ಕಥೆ ಸುರಪುರದವರ ಬಾಯಲ್ಲಿ ಹೇಗಿದೆಯೆಂಬುದನ್ನು ಕೇಳಿ ಬರೆದುಕೊಳ್ಳಲು ಹಚ್ಚಬೇಕು.

ಟೇಲರನು 1876ರ ಮೇ 13ರಂದು ಫ್ರಾನ್ಸಿನ ಮೆಂಟೋನ್ ಎಂಬ ಕಡಲ ಊರಿನಲ್ಲಿ ತೀರಿಕೊಂಡನು. ಎರಡೇ ವರ್ಷದ ಹಿಂದೆ, ಇನ್ನೂ ಹೆಸರು ಗಳಿಸದ ತರುಣ ಸ್ಟೀವನ್ಸನ್ ಅದೇ ಊರಿನಲ್ಲಿ ಆರೋಗ್ಯಕ್ಕಾಗಿ ಚಳಿಗಾಲ ಕಳೆದು ಹೋಗಿದ್ದನು. ಆ ತರುಣನ ಪುಸ್ತಕಗಳು ನಮ್ಮ ಶಾಲೆಗಳ ಕಪಾಟು ಸೇರಿವೆ. ಅವುಗಳ ಪಕ್ಕದಲ್ಲಿ ನಳದುರ್ಗದ ಸಾಹೇಬನ ಪುಸ್ತಕಗಳಿಗೂ ಒಂದು ಸ್ಥಳ ದೊರೆಯಲಿ.