ಹಳೆಯ ಕಂಪ್ಯೂಟರೂ ತಪ್ಪಿದ ತಾರೀಖೂ

ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಲ್ಲಿ, ಅವರ ಮಗಳು ಮದುವೆಗೆ ಮುಂಚೆ ಕೊಂಡಿದ್ದ, ಈಗಲೂ ವಿಂಡೋಸ್ 7ರಲ್ಲಿಯೇ ನಡೆಯುವ ಕಂಪ್ಯೂಟರೊಂದು ಉಂಟು. ಪತ್ರಿಕೆಗಳನ್ನು ಓದುವುದಕ್ಕೂ ದೂರದಲ್ಲಿರುವ ಮಗಳಿಗೆ ಕಾಗದ ಬರೆಯುವುದಕ್ಕೂ ಮೇಷ್ಟರಿಗೆ ಅದೇ ಆಧಾರ. ಕಳೆದ ಮಳೆಗಾಲದಲ್ಲಿ ಕೆಲವು ವಾರ ಊರಿನಲ್ಲಿರದೆ ಹಿಂದಿರುಗಿ ಅದನ್ನು ಚಾಲೂ ಮಾಡಿದಾಗ, ಯಾವ ಜಾಲತಾಣವನ್ನು ತೆರೆಯಹೋದರೂ ಸಂಪರ್ಕವು ಸುರಕ್ಷಿತವಲ್ಲವೆಂಬ ಎಚ್ಚರಿಕೆಯೊಂದೇ ಪರದೆಯ ಮೇಲೆ ಮೂಡತೊಡಗಿತು. ನೋಡಲು ಬಂದ ರಿಪೇರಿಯವನು, ಯಂತ್ರಕ್ಕೆ ವಯಸ್ಸಾಯಿತು, ಹೊಸದನ್ನು ಕೊಳ್ಳುವುದೇ ಮೇಲೆಂದು ಹೇಳಿ ಹೊರಟುಹೋದನು. ನಾನು ಹೋಗಿ ನೋಡಿದಾಗ ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಇದ್ದ ತಾರೀಖು 2009ರ ಜನವರಿ 1.

“ಇದಕ್ಕೂ ಇಸವಿ ಮರೆತುಹೋಯಿತೇನಪ್ಪಾ?” ಎಂದು ಮೇಷ್ಟರು ಕೇಳಿದರು. ಮರೆತದ್ದು ನಿಜ. ಕಂಪ್ಯೂಟರಿಗೆ ವಿದ್ಯುತ್ತಿಲ್ಲದಾಗಲೂ ಅದರ ಗಡಿಯಾರವನ್ನು ನಡೆಸುವುದಕ್ಕಾಗಿ ಒಳಗಿನ ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ, 3 ವೋಲ್ಟಿನ ಸಣ್ಣದೊಂದು ಬ್ಯಾಟರಿ ಇರುತ್ತದೆ. ಸಾಮಾನ್ಯವಾಗಿ ಅದರ ಬೆನ್ನ ಮೇಲೆ ಸಿಆರ್2032 ಎಂದು ಕೆತ್ತಿರುತ್ತದೆ. ಹಲವು ವರ್ಷಗಳ ಸೇವೆಯ ತರುವಾಯ ಅದು ಸತ್ವಹೀನವಾದಾಗ, ಯಂತ್ರವು ತಾನು ತಯಾರಾದ ಕಾಲದ ಆಸುಪಾಸಿನ ಯಾವುದೋ ಒಂದು ದಿನಕ್ಕೆ ಹಿಂದಿರುಗಿಬಿಡುತ್ತದೆ.

ತಾರೀಖು ತಪ್ಪಿದರೆ ಅಂತರ್ಜಾಲವೇಕೆ ನಿಲ್ಲಬೇಕು? ಇಂದಿನ ಬಹುತೇಕ ಜಾಲತಾಣಗಳು ತಮ್ಮ ಗುರುತಿಗೆ ಸಾಕ್ಷಿಯಾಗಿ ಪ್ರಮಾಣಪತ್ರವೊಂದನ್ನು ಒಪ್ಪಿಸುತ್ತವೆ. ಅದು ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಸಿಂಧುವಾದದ್ದು. 2009ರಲ್ಲಿಯೇ ಇರುವೆನೆಂದು ನಂಬಿದ ಯಂತ್ರಕ್ಕೆ ಆ ಪತ್ರಗಳೆಲ್ಲವೂ ಇನ್ನೂ ಹುಟ್ಟದಿರುವ ಪತ್ರಗಳು. ಆದುದರಿಂದ ಅದು ಅವನ್ನು ನಿರಾಕರಿಸುವುದು ನ್ಯಾಯವೇ ಆಗಿದೆ. ಇದರ ವಿಪರ್ಯಾಸವೂ ಒಮ್ಮೆ ನಡೆದುಹೋಯಿತು: ಅಸಂಖ್ಯ ಜಾಲತಾಣಗಳ ಪ್ರಮಾಣಪತ್ರಗಳಿಗೆ ಬೇರಾಗಿದ್ದ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಮೂಲಪತ್ರದ ಅವಧಿ 2021ರ ಸೆಪ್ಟೆಂಬರ್ 30ರಂದು ಮುಗಿದಾಗ, ಹೊಸ ಮೂಲಪತ್ರವನ್ನು ಪಡೆಯದೆ ಉಳಿದಿದ್ದ ಎಷ್ಟೋ ಹಳೆಯ ಯಂತ್ರಗಳು, ಗಡಿಯಾರ ಸರಿಯಿದ್ದರೂ, ಅದೇ ಎಚ್ಚರಿಕೆಯನ್ನು ತೋರಿದವು.

ಮೇಷ್ಟರ ಯಂತ್ರದ ಪ್ಲಗ್ಗನ್ನು ಕಿತ್ತು, ಪಕ್ಕದ ತಗಡನ್ನು ಬಿಚ್ಚಿ, ಧೂಳಿನೊಳಗಿಂದ ಆ ಬ್ಯಾಟರಿಯನ್ನು ಉಗುರಿನಿಂದ ಮೀಟಿ ತೆಗೆದು, ಗಡಿಯಾರದ ಅಂಗಡಿಯಿಂದ ತಂದ ಹೊಸದನ್ನು ಕೂಡಿಸಿ ತಾರೀಖನ್ನು ತಿದ್ದಿದೆವು. ಪತ್ರಿಕೆಯ ಪುಟ ತೆರೆದುಕೊಂಡಿತು. ವೆಚ್ಚವಾದದ್ದು ನೂರು ರೂಪಾಯಿಗೂ ಕಡಮೆ.

ಎಲ್ಲ ದೋಷಗಳೂ ಇಷ್ಟು ಬೇಗ ಸಿಕ್ಕುವುದಿಲ್ಲ. ಅವುಗಳನ್ನು ಹುಡುಕತಕ್ಕ ಕ್ರಮವೇನೆಂದರೆ, ಹತ್ತಿರದಿಂದ ಹೊರಟು ದೂರಕ್ಕೆ ಸಾಗುವುದು. ಮೊದಲು ದೀಪಗಳನ್ನು ನೋಡಬೇಕು. ಫೈಬರ್ ಪೆಟ್ಟಿಗೆಯ ಮೇಲೆ ಎಲ್‌ಓಎಸ್ ಎಂಬ ಅಕ್ಷರಗಳ ಬಳಿ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕು ನಿಮ್ಮ ಮನೆಯನ್ನೇ ತಲಪುತ್ತಿಲ್ಲವೆಂದು ಅರ್ಥ. ಕಂಪ್ಯೂಟರನ್ನು ಶೋಧಿಸಿ ಪ್ರಯೋಜನವಿಲ್ಲ, ಸೇವೆ ಕೊಡುವವರಿಗೆ ಫೋನ್ ಮಾಡಬೇಕು. ಹಳೆಯ ಕೇಬಲ್ಲಿನ ತುದಿಯ ಪ್ಲಾಸ್ಟಿಕ್ ಕೊಕ್ಕೆ ಮುರಿದು, ತಂತಿ ಸಡಿಲವಾಗಿ ಕುಳಿತಿರುವುದೂ ಬಹಳ ಸಾಮಾನ್ಯ. ವೈಫೈ ಪಟ್ಟಿಯಲ್ಲಿ ಮನೆಯ ಹೆಸರೇ ಕಾಣದಿದ್ದರೆ, ನಿಮ್ಮ ರೌಟರು 5 ಗಿಗಾಹರ್ಟ್ಸಿನಲ್ಲಿ ಮಾತ್ರ ಪ್ರಸಾರ ಮಾಡುತ್ತಿದ್ದೀತು. ಹಳೆಯ ಯಂತ್ರಗಳಲ್ಲಿ ಅನೇಕಕ್ಕೆ 2.4 ಮಾತ್ರ ಕೇಳಿಸುತ್ತದೆ.

ತಂತಿಗಳೆಲ್ಲ ಸರಿಯಾಗಿದ್ದರೆ, ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ತೆರೆದು ಐಪಿಕಾನ್ಫಿಗ್ ಎಂಬ ಆಜ್ಞೆಯಿಂದ ಯಂತ್ರದ ವಿಳಾಸವನ್ನು ಕೇಳಬೇಕು. ಮನೆಯ ರೌಟರು ಕೊಡುವ ವಿಳಾಸವು ಸಾಮಾನ್ಯವಾಗಿ 192.168ರಿಂದ ಮೊದಲಾಗುತ್ತದೆ. ಅದರ ಬದಲು 169.254 ಎಂದು ಕಂಡರೆ, ಯಾರೂ ವಿಳಾಸ ಕೊಡದೆ ಯಂತ್ರವು ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ. ರೌಟರನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು ಹಚ್ಚಿದರೆ ಅನೇಕ ವೇಳೆ ಸರಿಹೋಗುತ್ತದೆ. ವಿಳಾಸ ಸರಿಯಿದ್ದೂ ಪುಟಗಳು ತೆರೆಯದಿದ್ದರೆ, ಅದೇ ಕಿಟಕಿಯಲ್ಲಿ ಪಿಂಗ್ ಎಂಬ ಆಜ್ಞೆಯೊಡನೆ 8.8.8.8 ಎಂದು ಬರೆಯಿರಿ. ಉತ್ತರ ಬಂದರೆ ದಾರಿ ತೆರೆದಿದೆ, ಹೆಸರುಗಳನ್ನು ಅಂಕಿಗಳಾಗಿ ಪರಿವರ್ತಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ದೋಷವಿದೆ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಈ ವ್ಯವಸ್ಥೆ ಒಂದು ಬೃಹತ್ ವಿಳಾಸಪುಸ್ತಕವಿದ್ದಂತೆ. ನೆಟ್‌ವರ್ಕಿನ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ವಿಳಾಸವೆಂದು ಅದೇ 8.8.8.8ನ್ನು ಬರೆದುಕೊಟ್ಟರೆ ಬಹುಮಟ್ಟಿಗೆ ಕೆಲಸ ಸಾಗುತ್ತದೆ.

ಇಷ್ಟಾದರೂ ಒಂದು ಮಾತನ್ನು ಮೇಷ್ಟರಿಗೆ ಹೇಳದೆ ಬರಲು ನನಗೆ ಮನಸ್ಸಾಗಲಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ರಕ್ಷಣೆ 2020ರ ಜನವರಿ 14ಕ್ಕೆ ಮುಗಿದಿದೆ. ಕ್ರೋಮ್ ಬ್ರೌಸರು ಅದರಲ್ಲಿ 109ನೆಯ ಆವೃತ್ತಿಗೆ ನಿಂತಿದೆ. ಓದಿರಿ, ಬರೆಯಿರಿ, ಬ್ಯಾಂಕಿನ ವ್ಯವಹಾರವನ್ನೂ ಪಿಂಚಣಿಯ ಪಾಸ್‌ವರ್ಡನ್ನೂ ಮಾತ್ರ ಆ ಯಂತ್ರಕ್ಕೆ ದಯವಿಟ್ಟು ಒಪ್ಪಿಸಬೇಡಿರಿ.