ಗಾಡಿ ಫ್ರಿಡ್ಜ್ ಕೊಳ್ಳೋ ಮೊದಲು ಏಳು ಬಾಟಲಿ ಐಸಿನ ಲೆಕ್ಕ ನೋಡಿ

"ಅಕ್ಕಾ, ಗಾಡೀಲಿ ಇಡೋ ಫ್ರಿಡ್ಜ್ ಬಂದಿದೆಯಂತಲ್ಲ, ತಗೋಬಹುದಾ? ಕಂತಲ್ಲಿ ಕೊಡ್ತಾರಂತೆ." ಈ ಬೇಸಿಗೇಲಿ ನನ್ನ ವಾಟ್ಸಾಪಿಗೆ ಗೊಬ್ಬರ, ರೋಗದ ಪ್ರಶ್ನೆಗಳಿಗಿಂತ ಇದೇ ಜಾಸ್ತಿ ಬಂತು. ಕಾರು ತಗೊಂಡು ಲಡಾಖಿಗೆ ಹೋಗೋರು, ಬೆಟ್ಟದ ಮೇಲೆ ಟೆಂಟ್ ಹಾಕಿ ಮಲಗೋರು ಡಿಕ್ಕಿಯಿಂದ ತಣ್ಣನೆ ಜ್ಯೂಸ್ ತೆಗೆಯೋ ವಿಡಿಯೋ ಎಲ್ಲರೂ ನೋಡಿದ್ದೀವಿ. ಅದನ್ನು ನೋಡಿದ ನಮ್ಮ ಹುಡುಗರಿಗೆ, ಇದೇ ಡಬ್ಬಿಯಲ್ಲಿ ನನ್ನ ಅಣಬೆ, ಹಾಲು, ಪನೀರು ಬೆಂಗಳೂರಿಗೆ ಹೋದರೆ ಎಷ್ಟು ಚೆನ್ನ ಅನ್ನಿಸೋದು ಸಹಜ.

ಪ್ರಶ್ನೆ ಸರಿಯಾಗೇ ಇದೆ. ಆದರೆ ಟೆಂಟ್ ಹಾಕೋರ ಕೆಲಸ ಬೇರೆ, ನಮ್ಮ ಕೆಲಸ ಬೇರೆ. ಅವರು ಮನೆ ಫ್ರಿಡ್ಜಿನಲ್ಲಿ ಮೊದಲೇ ತಣ್ಣಗಾದ ನಾಲ್ಕು ಬಾಟಲಿ ತಂದು ಇದರಲ್ಲಿ ಇಡ್ತಾರೆ. ನಾವು ಈಗಷ್ಟೇ ಕರೆದ ಹಾಲನ್ನೋ ಹೊಲದ ಬಿಸಿ ಆರದ ಸೊಪ್ಪನ್ನೋ ತುಂಬಿ, ನಾಲ್ಕು ಗಂಟೆಯಲ್ಲಿ ತಣ್ಣಗಾಗಲಿ ಅಂತ ಕಾಯ್ತೀವಿ. ಆ ಕೆಲಸಕ್ಕೆ ಈ ಡಬ್ಬಿಯನ್ನು ಮಾಡೇ ಇಲ್ಲ. ಇದು ತಣ್ಣಗಿರೋದನ್ನ ತಣ್ಣಗೇ ಕಾಯುತ್ತೆ, ಬಿಸಿ ಇರೋದನ್ನ ತಣ್ಣಗೆ ಮಾಡೋದರಲ್ಲಿ ಬಲು ನಿಧಾನ.

ಎಷ್ಟು ನಿಧಾನ ಅಂತ ಒಂದು ಲೆಕ್ಕ ಹಾಕೋಣ. 20 ಲೀಟರ್ ಹಾಲು, ಕರೆದ ಕೂಡಲೇ 35 ಡಿಗ್ರಿ ಇದೆ ಅನ್ನಿ. ಅದನ್ನು 5 ಡಿಗ್ರಿಗೆ ಇಳಿಸಬೇಕು. ಒಂದು ಕಿಲೋ ಹಾಲು ಒಂದು ಡಿಗ್ರಿ ತಣ್ಣಗಾಗೋಕೆ ಸುಮಾರು 3.9 ಕಿಲೋಜೂಲ್ ಶಾಖ ಹೊರಹೋಗಬೇಕು. 20 ಗುಣಿಸು 3.9 ಗುಣಿಸು 30, ಅಂದರೆ 2,340 ಕಿಲೋಜೂಲ್. 45 ವಾಟಿನ ಸಣ್ಣ ಕಂಪ್ರೆಸರ್ ಒಳಗಿನಿಂದ ಸೆಕೆಂಡಿಗೆ ಹೆಚ್ಚೆಂದರೆ 60 ಜೂಲ್ ಶಾಖ ಎಳೆದು ಹೊರಹಾಕುತ್ತೆ ಅಂತ ಹಿಡಿಯಿರಿ. ಭಾಗಿಸಿದರೆ ಹತ್ತಿರಹತ್ತಿರ 11 ಗಂಟೆ ಆಯ್ತು. ಡಬ್ಬಿಯ ಗೋಡೆಯಿಂದ ಒಳಗೆ ನುಗ್ಗೋ ಬಿಸಿ ಈ ಲೆಕ್ಕದಲ್ಲಿಲ್ಲ. ಹಸಿ ಹಾಲು ಅಷ್ಟು ಹೊತ್ತು ಕಾಯಲ್ಲ, ನೆಲಮಂಗಲ ದಾಟೋದರೊಳಗೆ ಹುಳಿ ತಿರುಗೋಕೆ ಶುರುವಾಗಿರುತ್ತೆ.

ಈಗ ಐಸಿನ ಕಡೆ ಬನ್ನಿ. ಒಂದು ಕಿಲೋ ಐಸು ಕರಗೋವಾಗ 334 ಕಿಲೋಜೂಲ್ ಶಾಖ ಕುಡಿಯುತ್ತೆ. 2,340ನ್ನು 334ರಿಂದ ಭಾಗಿಸಿ, ಏಳು ಕಿಲೋ ಬಂತು. ಕ್ಯಾನನ್ನು ಏಳು ಕಿಲೋ ಐಸು ಹಾಕಿದ ನೀರಿನ ತೊಟ್ಟಿಯಲ್ಲಿ ಇಟ್ಟು, ಆಗಾಗ ಹಾಲು ಕಲಕುತ್ತಾ ಇದ್ದರೆ ಅದೇ ಕೆಲಸ ಎಷ್ಟೋ ಬೇಗ ಮುಗಿಯುತ್ತೆ. ತೊಟ್ಟಿಯ ನೀರನ್ನೂ ತಣ್ಣಗೆ ಮಾಡಬೇಕಲ್ಲ, ಅದಕ್ಕೆ ಇನ್ನೂ ಮೂರು ನಾಲ್ಕು ಕಿಲೋ ಸೇರಿಸಿ. ನೀರು ಕಡಿಮೆ ಹಾಕಿದಷ್ಟೂ ಒಳ್ಳೇದು. ಮನೆಯ ಡೀಪ್ ಫ್ರೀಜರಿನಲ್ಲಿ ಹಿಂದಿನ ದಿನವೇ ಲೀಟರ್ ಬಾಟಲಿಗಳಿಗೆ ಕತ್ತಿನವರೆಗೆ ನೀರು ತುಂಬಿ ಇಟ್ಟರೆ ಐಸಿಗೆ ದುಡ್ಡೂ ಬೇಡ. ಮೀನು ಮಾರುಕಟ್ಟೆ ಹತ್ತಿರ ಇರೋರಿಗೆ ಐಸ್ ಫ್ಯಾಕ್ಟರಿ ಎಲ್ಲಿದೆ ಅಂತ ನಾನು ಹೇಳಬೇಕಾಗಿಲ್ಲ.

ಹೀಗೆ ತಣ್ಣಗಾದ ಹಾಲನ್ನು ಗಾಡಿ ಫ್ರಿಡ್ಜಿಗೆ ಇಟ್ಟರೆ ಅದು ಜಾಣನ ಹಾಗೆ ದಾರಿಯುದ್ದಕ್ಕೂ ಕಾಯುತ್ತೆ. ಆಗ ಕಂಪ್ರೆಸರ್ ಪೂರ್ತಿ ಓಡಬೇಕಾಗಿಲ್ಲ, ಆಗೊಮ್ಮೆ ಈಗೊಮ್ಮೆ ಎದ್ದು ಮಲಗುತ್ತೆ. ಸೊಪ್ಪಿಗೂ ಇದೇ ಮಾತು. ಬಿಸಿಲೇರೋ ಮುಂಚೆ ಕೊಯ್ದರೆ ಅರ್ಧ ಕೆಲಸ ಆದಂತೆ. ಕೊಯ್ದದ್ದನ್ನು ರಾತ್ರಿವರೆಗೆ ಇಡೋಕೆ ದೆಹಲಿಯ ಐಎಆರ್‌ಐ ವಿಜ್ಞಾನಿಗಳು ರೂಪಿಸಿದ ಇಟ್ಟಿಗೆ–ಮರಳಿನ ಶೂನ್ಯ ಶಕ್ತಿ ಶೀತಲ ಕೋಣೆ ಇದೆ. ಎರಡು ಸಾಲು ಇಟ್ಟಿಗೆ, ನಡುವೆ ಒದ್ದೆ ಮರಳು, ಮೇಲೆ ಹುಲ್ಲಿನ ಮುಚ್ಚಳ. ಒಣ ಹವೆಯ ಬಯಲುಸೀಮೆಯ ಬೇಸಿಗೆಯಲ್ಲಿ ಹೊರಗಿಗಿಂತ ಹತ್ತು ಡಿಗ್ರಿಗೂ ಹೆಚ್ಚು ಕೆಳಗಿಳಿಯುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ನೀರು ಆರೋದೇ ಇಲ್ಲ, ಹಾಗಾಗಿ ತಂಪೂ ಆಗಲ್ಲ.

ಡಬ್ಬಿಗಳ ಜಾತಿ

ಆನ್‌ಲೈನಿನಲ್ಲಿ "ಕಾರ್ ಫ್ರಿಡ್ಜ್" ಅಂತ ಹುಡುಕಿದರೆ ಐದಾರು ಸಾವಿರದಿಂದ ಶುರುವಾಗಿ ಮೂವತ್ತು ನಲವತ್ತು ಸಾವಿರದವರೆಗೂ ಕಾಣುತ್ತೆ. ಹೊರಗಿನಿಂದ ಎಲ್ಲಾ ಒಂದೇ ಥರ. ಅಗ್ಗದ್ದರಲ್ಲಿ ಬಹುಪಾಲು ಪೆಲ್ಟಿಯರ್ ಡಬ್ಬಿಗಳು. ಕಂಪ್ರೆಸರ್ ಇರಲ್ಲ, ಒಂದು ಬಿಲ್ಲೆ, ಒಂದು ಫ್ಯಾನ್ ಅಷ್ಟೇ. ಗುರುತು ಹಿಡಿಯೋದು ಸುಲಭ: ಎತ್ತಿದರೆ ಹಗುರ, ತಣ್ಣಗೆ–ಬಿಸಿ ಅಂತ ಎರಡೂ ಮಾಡೋ ಸ್ವಿಚ್ ಇರುತ್ತೆ, ವಿವರದಲ್ಲಿ "ಹೊರಗಿನ ಉಷ್ಣತೆಗಿಂತ 15ರಿಂದ 20 ಡಿಗ್ರಿ ಕಡಿಮೆ" ಅನ್ನೋ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತೆ. ಆ ಸಾಲೇ ಮುಖ್ಯ. ರಾಯಚೂರಿನ 40 ಡಿಗ್ರಿ ಬಿಸಿಲಲ್ಲಿ ಅದರೊಳಗೆ 20 ಡಿಗ್ರಿ ಸಿಕ್ಕರೆ ನಿಮ್ಮ ಪುಣ್ಯ. ನೀರು ಕುಡಿಯೋಕೆ ಪರವಾಗಿಲ್ಲ, ಹಾಲಿಗೂ ಲಸಿಕೆಗೂ ಬೇಡವೇ ಬೇಡ.

ಗ್ಯಾಸಿನಲ್ಲಿ ಓಡೋ ಇನ್ನೊಂದು ಜಾತಿ ಇದೆ. ಸಮತಟ್ಟಾಗಿ ನಿಂತಿದ್ದರೆ ಮಾತ್ರ ಕೆಲಸ ಮಾಡುತ್ತೆ. ಓಡೋ ಗಾಡಿಯಲ್ಲಿ ಉರಿ ಹಚ್ಚಿಕೊಂಡು ಹೋಗೋ ಯೋಚನೆ ಬಿಟ್ಟುಬಿಡಿ.

ಉಳಿದದ್ದು 12 ಮತ್ತು 24 ವೋಲ್ಟಿನಲ್ಲಿ ನೇರವಾಗಿ ಓಡೋ ಕಂಪ್ರೆಸರ್ ಫ್ರಿಡ್ಜ್. ಇದು ಹೊರಗೆ ಎಷ್ಟೇ ಬಿಸಿ ಇದ್ದರೂ 4 ಡಿಗ್ರಿ ಹಿಡಿಯುತ್ತೆ, ಬೇಕಾದರೆ ಸೊನ್ನೆಗಿಂತ ಕೆಳಕ್ಕೂ ಹೋಗುತ್ತೆ. ತೂಕ ಹತ್ತು ಕಿಲೋ ಮೇಲೆ. ತಗೊಳ್ಳೋದಾದರೆ ಇದನ್ನೇ ತಗೊಳ್ಳಿ, ಇಲ್ಲಾಂದರೆ ಥರ್ಮಾಕೋಲ್ ಡಬ್ಬಿ ಮತ್ತು ಐಸಿನಲ್ಲೇ ಇರಿ. ನಡುವಿನ ದಾರಿ ಅಂತ ಪೆಲ್ಟಿಯರ್‌ಗೆ ದುಡ್ಡು ಹಾಕೋದು ನನ್ನ ಮಟ್ಟಿಗೆ ದಂಡ. ಮನೇಲಿರೋ ಹಳೇ ಫ್ರಿಡ್ಜನ್ನೇ ಇನ್ವರ್ಟರ್ ಹಾಕಿ ಪಿಕಪ್ ಮೇಲೆ ಕೂರಿಸ್ತೀನಿ ಅನ್ನೋರೂ ಇದ್ದಾರೆ. ಅದು ಶುರುವಾಗೋವಾಗ ಎಳೆಯೋ ಕರೆಂಟು ಓಡೋವಾಗಿನದ್ದಕ್ಕಿಂತ ಹಲವು ಪಟ್ಟು. ಸಣ್ಣ ಇನ್ವರ್ಟರ್ ತಡೆಯಲ್ಲ, ಗುಂಡಿ ರಸ್ತೆಯ ಕುಲುಕಾಟಕ್ಕೆ ಆ ಫ್ರಿಡ್ಜಿನ ಪೈಪುಗಳೂ ತಡೆಯಲ್ಲ.

ಲೀಟರಿನ ಮೋಸ

40 ಲೀಟರ್ ಅಂದರೆ ದೊಡ್ಡದು ಅನ್ನಿಸುತ್ತೆ. ಚಿಪ್ಪು ಅಣಬೆ ಮಾರೋರು ತಮ್ಮ ಪನೆಟ್ ಡಬ್ಬಿಯನ್ನು ಒಮ್ಮೆ ಸ್ಕೇಲಿನಲ್ಲಿ ಅಳೆಯಿರಿ. 200 ಗ್ರಾಮಿನ ಡಬ್ಬಿ 18 ಸೆಂಟಿಮೀಟರ್ ಉದ್ದ, 12 ಅಗಲ, 6 ಎತ್ತರ ಇದ್ದರೆ ಒಂದಕ್ಕೆ ಸುಮಾರು 1.3 ಲೀಟರ್ ಜಾಗ ಬೇಕು. ಕಂಪ್ರೆಸರ್ ಇರೋ ಕಡೆ ಒಳಗೆ ಒಂದು ಮೆಟ್ಟಿಲು ಎದ್ದಿರುತ್ತೆ, ಮೂಲೆಗಳು ವ್ಯರ್ಥ. ಹಾಗಾಗಿ 25 ಡಬ್ಬಿ ಹಿಡಿದರೆ ಹೆಚ್ಚು. ಅಂದರೆ ಐದೇ ಕಿಲೋ ಅಣಬೆ!

ವಾರಕ್ಕೊಮ್ಮೆ 20 ಕಿಲೋ ಒಯ್ಯೋ ಒಬ್ಬರನ್ನು ತಗೊಳ್ಳಿ. ಎರಡು ಕಿಲೋ ದಾರಿಯಲ್ಲಿ ಹಾಳು, ಕಿಲೋಗೆ 200 ರೂಪಾಯಿ ಅಂತಿಟ್ಟುಕೊಂಡರೆ ವಾರಕ್ಕೆ 400 ನಷ್ಟ. 40 ಲೀಟರ್ ಫ್ರಿಡ್ಜ್ ಕಾಪಾಡೋದು ಮಾಲಿನ ಕಾಲು ಭಾಗ, ಅಂದರೆ ಉಳಿತಾಯ 100 ರೂಪಾಯಿ. 25 ಸಾವಿರದ ಫ್ರಿಡ್ಜ್ ಅಸಲು ತೀರೋಕೆ 250 ವಾರ ಬೇಕು, ಹತ್ತಿರಹತ್ತಿರ ಐದು ವರ್ಷ. ಬಡ್ಡಿ ಬೇರೆ. ಇಂಥವರಿಗೆ ದಪ್ಪ ಗೋಡೆಯ ನಾಲ್ಕು ಥರ್ಮಾಕೋಲ್ ಡಬ್ಬಿ, ಪೇಪರ್ ಸುತ್ತಿದ ಐಸ್ ಬಾಟಲಿ ಸಾಕು. ಅಣಬೆಗೆ ನೀರು ತಾಗಬಾರದು, ಅದಕ್ಕೇ ಬಿಡಿ ಐಸಿನ ಬದಲು ಬಾಟಲಿ.

ಅದೇ ಪನೀರ್ ಮಾಡೋರ ಲೆಕ್ಕ ನೋಡಿ. ಪನೀರ್ ಒತ್ತಾಗಿ ಕೂರುತ್ತೆ, 15 ಕಿಲೋ ಆರಾಮಾಗಿ ಹಿಡಿಯುತ್ತೆ. ಕಿಲೋಗೆ 350 ಅಂದರೆ ಒಂದು ಟ್ರಿಪ್ಪಿನ ಮಾಲು 5,250 ರೂಪಾಯಿ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಅಂಥ ಐದು ಟ್ರಿಪ್ ಕೆಡೋದು ತಪ್ಪಿದರೆ ಫ್ರಿಡ್ಜಿನ ದುಡ್ಡು ಬಂತು. ನಿಮ್ಮ ಮಾಲು ಸಣ್ಣ ಜಾಗದಲ್ಲಿ ಹೆಚ್ಚು ಬೆಲೆ ಬಾಳುತ್ತಾ, ಒಂದು ಡಿಗ್ರಿ ಆಚೀಚೆ ಆದರೆ ಕೆಡುತ್ತಾ? ಎರಡಕ್ಕೂ ಹೌದು ಅಂದರೆ ಮಾತ್ರ ಅಂಗಡಿಗೆ ಹೋಗಿ.

ಆ ಸಾಲಿಗೆ ಸೇರೋ ಇನ್ನೊಂದು ಮಾಲು ಲಸಿಕೆ. ನಾಟಿ ಕೋಳಿ ಸಾಕೋರು ಕೊಕ್ಕರೆ ರೋಗದ ಲಸಿಕೆಯನ್ನು ಪಟ್ಟಣದಿಂದ ಪ್ಲಾಸ್ಟಿಕ್ ಕವರಿನಲ್ಲಿ ಬೈಕಿಗೆ ನೇತುಹಾಕಿಕೊಂಡು ಬರೋದನ್ನ ನೋಡಿದ್ದೀನಿ. ಅದು 2ರಿಂದ 8 ಡಿಗ್ರಿ ಒಳಗೇ ಇರಬೇಕು. ಬಿಸಿಯಾದ ಲಸಿಕೆ ನೋಡೋಕೆ ಹಾಗೇ ಇರುತ್ತೆ, ಕೋಳಿ ಸತ್ತ ಮೇಲೇ ಗೊತ್ತಾಗೋದು. ಕಾಲುಬಾಯಿ ಜ್ವರದ ಲಸಿಕೆಗೆ ತಿರುಗಾ ಭಯ: ಹೆಪ್ಪುಗಟ್ಟಿದರೂ ಹಾಳು. ಹಾಗಾಗಿ ಲಸಿಕೆ ಇಟ್ಟಾಗ ಫ್ರಿಡ್ಜನ್ನು 4–5ಕ್ಕೆ ಇಡಿ, ಗೋಡೆಗೆ ತಾಗದ ಹಾಗೆ ಬಟ್ಟೆ ಅಥವಾ ರಟ್ಟು ಸುತ್ತಿ. ಹೆಬ್ಬಾಳದ ಕೀಟ ಸಂಪನ್ಮೂಲ ಬ್ಯೂರೋದಂಥ ಕಡೆಯಿಂದ ಟ್ರೈಕೋಗ್ರಾಮಾ ಕಾರ್ಡ್ ತರೋರಿಗೂ ತಂಪು ಬೇಕು, ಗಾಡಿಯ ಬಿಸಿಗೆ ಹುಳ ದಾರಿಯಲ್ಲೇ ಮೊಟ್ಟೆಯಿಂದ ಹೊರಬಂದುಬಿಡುತ್ತೆ. ಆದರೆ ಇಷ್ಟಕ್ಕೇ ಆದರೆ ನಿಮಗೊಬ್ಬರಿಗೇ ಫ್ರಿಡ್ಜ್ ಬೇಕಾಗಿಲ್ಲ, ಊರಲ್ಲಿ ಐದಾರು ಜನ ಸೇರಿ ಒಂದು ತಗೊಂಡರೆ ಸಾಕು. ಹಸುವಿನ ಕೃತಕ ಗರ್ಭಧಾರಣೆಯ ಕಡ್ಡಿ ಇಡಬಹುದಾ ಅಂತ ಒಬ್ಬರು ಕೇಳಿದ್ರು. ಅದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇರೋ ವಸ್ತು, ಇದರ ತಂಟೆಗೇ ಬರಬಾರದು.

ತಣ್ಣಗಿದ್ದರೆ ಎಲ್ಲಾ ಒಳ್ಳೇದು ಅಂತಲೂ ಅಲ್ಲ. ಬಾಳೆಹಣ್ಣನ್ನು 13 ಡಿಗ್ರಿಗಿಂತ ಕೆಳಗಿಟ್ಟರೆ ಸಿಪ್ಪೆ ಕಪ್ಪಾಗುತ್ತೆ. ಬದನೆ, ಸೌತೆ, ಟೊಮ್ಯಾಟೊ 10 ಡಿಗ್ರಿ ಆಸುಪಾಸಿನವು, 4 ಡಿಗ್ರಿಯಲ್ಲಿ ದಿನಗಟ್ಟಲೆ ಇಟ್ಟರೆ ಗುಳಿ ಬೀಳುತ್ತೆ, ರುಚಿ ಹೋಗುತ್ತೆ. ಭತ್ತದ ಹುಲ್ಲಿನ ಅಣಬೆಯಂತೂ 4 ಡಿಗ್ರಿಯಲ್ಲಿ ನೀರು ಬಿಟ್ಟುಕೊಂಡು ಕರಗುತ್ತೆ. ಚಿಪ್ಪು ಅಣಬೆ, ಕೊತ್ತಂಬರಿ, ಸ್ಟ್ರಾಬೆರಿ ಮಾತ್ರ ತಣ್ಣಗಿದ್ದಷ್ಟೂ ಖುಷಿ. ಇವೆರಡು ಗುಂಪನ್ನು ಒಂದೇ ಡಬ್ಬಿಗೆ ತುಂಬಬೇಡಿ.

ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಬೇಕಲ್ಲ

ರಾತ್ರಿ ಹೊರಟು ಬೆಂಗಳೂರು ಸೇರಿ, ಮಾರುಕಟ್ಟೆ ತೆರೆಯೋವರೆಗೆ ಗಾಡಿಯಲ್ಲೇ ಮಲಗೋರು ಇದನ್ನು ಗಮನ ಕೊಟ್ಟು ಓದಿ. ಎಂಜಿನ್ ಓಡೋವಾಗ ಚಿಂತೆ ಇಲ್ಲ, ಆಲ್ಟರ್ನೇಟರ್ ಕೊಡುತ್ತೆ. ನಿಂತ ಮೇಲೆ ಫ್ರಿಡ್ಜ್ ತಿನ್ನೋದು ಬ್ಯಾಟರಿಯನ್ನು. 45 ವಾಟಿನ ಕಂಪ್ರೆಸರ್ 12 ವೋಲ್ಟಿನಲ್ಲಿ 3.75 ಆಂಪಿಯರ್ ಎಳೆಯುತ್ತೆ. ಮಾಲು ಮೊದಲೇ ತಣ್ಣಗಿದ್ದು ಅರ್ಧ ಹೊತ್ತು ಮಾತ್ರ ಓಡಿದರೆ ಎಂಟು ಗಂಟೆಗೆ 15 ಆಂಪಿಯರ್ ಅವರ್. 48 ವಾಟಿನ ಪೆಲ್ಟಿಯರ್ ಬಿಡುವಿಲ್ಲದೆ ಓಡಿ ಅಷ್ಟೇ ಹೊತ್ತಿಗೆ 32 ತಿನ್ನುತ್ತೆ. ನಿಮ್ಮ ಬ್ಯಾಟರಿ ಮೇಲೆ 60 ಎಎಚ್ ಅಂತ ಬರೆದಿದ್ದರೆ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು, ಅಂದರೆ 30. ಬ್ಯಾಟರಿ ಹಳೇದಾದರೆ ಅಷ್ಟೂ ಇರಲ್ಲ.

ಹಾಗಾಗಿ ಕೊಳ್ಳೋವಾಗ ವೋಲ್ಟೇಜ್ ಇಳಿದರೆ ತಾನೇ ಆಫ್ ಆಗೋ ವ್ಯವಸ್ಥೆ ಇದೆಯಾ ಕೇಳಿ. ಒಳ್ಳೆ ಡಬ್ಬಿಗಳಲ್ಲಿ ಹೈ, ಮೀಡಿಯಂ, ಲೋ ಅಂತ ಮೂರು ಹಂತ ಇರುತ್ತೆ. ಗಾಡಿಯ ಬ್ಯಾಟರಿಗೇ ಹಾಕಿದ್ದರೆ ಹೈನಲ್ಲಿಡಿ, ಆಗ ಸ್ಟಾರ್ಟ್ ಮಾಡೋಕೆ ಶಕ್ತಿ ಉಳಿಯುತ್ತೆ. ಬೇರೆ ಬ್ಯಾಟರಿ ಇಟ್ಟುಕೊಂಡರೆ ಲೋ ಪರವಾಗಿಲ್ಲ. ಎಲೆಕ್ಟ್ರಿಕ್ ಆಟೋ ಇರೋರು ಗಾಡಿಯ 48 ವೋಲ್ಟನ್ನು ನೇರ ಕೊಡಬೇಡಿ, ನಡುವೆ 12 ವೋಲ್ಟಿಗೆ ಇಳಿಸೋ ಕನ್ವರ್ಟರ್ ಬೇಕು.

ಇನ್ನೊಂದು, ವೈರಿನ ವಿಷಯ. ಡ್ಯಾಶ್‌ಬೋರ್ಡಿನ ಸಿಗರೇಟ್ ಸಾಕೆಟ್ಟಿನಿಂದ ಹಿಂದಿನ ಟ್ರೇವರೆಗೆ ಸಣ್ಣ ವೈರ್ ಎಳೆದರೆ ದಾರಿಯಲ್ಲೇ ಅರ್ಧ–ಮುಕ್ಕಾಲು ವೋಲ್ಟ್ ಸೋರುತ್ತೆ. ಬ್ಯಾಟರಿ ಚೆನ್ನಾಗೇ ಇದ್ದರೂ ಫ್ರಿಡ್ಜ್ "ವೋಲ್ಟೇಜ್ ಇಲ್ಲ" ಅಂತ ಮಲಗುತ್ತೆ. ನೀವು ಫ್ರಿಡ್ಜ್ ಕೆಟ್ಟಿದೆ ಅಂತ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ತೀರಿ. ಆಟೋ ಎಲೆಕ್ಟ್ರಿಷಿಯನ್ ಹತ್ತಿರ 4 ಚದರ ಮಿಲಿಮೀಟರ್ ತಾಮ್ರದ ವೈರನ್ನು ಬ್ಯಾಟರಿಯಿಂದಲೇ ಎಳೆಸಿ, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಹಾಕಿಸಿ. ಫ್ಯೂಸ್ ಬಿಟ್ಟು ಮಾತ್ರ ಕೆಲಸ ಮಾಡಿಸಬೇಡಿ, ವೈರ್ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿ.

ಫ್ರಿಡ್ಜಿನ ಫ್ಯಾನ್ ಇರೋ ಬದಿಗೆ ಒಂದು ಗೇಣು ಜಾಗ ಬಿಡಿ, ಟಾರ್ಪಲ್ ಸುತ್ತಿ ಉಸಿರು ಕಟ್ಟಿಸಬೇಡಿ. ಹಿಂದಿನ ರಾತ್ರಿಯೇ ಮನೆಯ ಕರೆಂಟಿಗೆ ಹಾಕಿ ಖಾಲಿ ಡಬ್ಬಿಯನ್ನು ತಣ್ಣಗೆ ಮಾಡಿಟ್ಟುಕೊಳ್ಳಿ.

ಕೊಂಡ ಮೇಲೆ ವಾಪಸ್ ಕೊಡೋ ಗಡುವು ಮುಗಿಯೋದರೊಳಗೆ ಒಂದು ಪರೀಕ್ಷೆ ಮಾಡಿ. ಮಾಲು ಇಡಬೇಡಿ, ನೀರಿನ ಬಾಟಲಿಗಳನ್ನು ಮನೆ ಫ್ರಿಡ್ಜಿನಲ್ಲಿ ತಣ್ಣಗೆ ಮಾಡಿ ಅದರಲ್ಲಿ ತುಂಬಿ. ಕನಿಷ್ಠ–ಗರಿಷ್ಠ ತೋರಿಸೋ ಡಿಜಿಟಲ್ ಥರ್ಮಾಮೀಟರನ್ನು ನಡುವೆ ಇಡಿ, ಡಬ್ಬಿಯ ಮೇಲಿನ ಅಂಕಿಯನ್ನು ನಂಬಬೇಡಿ, ಅದು ಗೋಡೆಯ ಹತ್ತಿರದ ಲೆಕ್ಕ. ಗಾಡಿ ಆಫ್ ಮಾಡಿ ರಾತ್ರಿ ಹತ್ತಕ್ಕೆ ಶುರು ಮಾಡಿ, ಬೆಳಗ್ಗೆ ಆರಕ್ಕೆ ಥರ್ಮಾಮೀಟರ್ ನೋಡಿ, ಆಮೇಲೆ ಕೀ ತಿರುಗಿಸಿ. ಒಳಗೆ 8 ಡಿಗ್ರಿ ದಾಟಿರಬಾರದು, ಎಂಜಿನ್ ಒಂದೇ ಸಲಕ್ಕೆ ಏಳಬೇಕು. ಎರಡರಲ್ಲಿ ಒಂದು ತಪ್ಪಿದರೂ ಮೊದಲು ವೈರು, ಬ್ಯಾಟರಿ ನೋಡಿಸಿ, ಅವು ಸರಿ ಇದ್ದರೆ ಡಬ್ಬಿಯನ್ನು ವಾಪಸ್ ಕಳಿಸಿ.