ಹೆಸರು ಬರೆದುಕೊಂಡು ಬರುವ ದುಡ್ಡು

ರಾಯಚೂರಿನಲ್ಲಿ ಓಪೆಕ್ ಆಸ್ಪತ್ರೆ ಎಲ್ಲಿ ಎಂದು ಕೇಳಿದರೆ ದಾರಿ ತೋರಿಸದವರಿಲ್ಲ. ಫಲಕದ ಮೇಲಿರುವ ಹೆಸರು ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ. ಅದನ್ನು ಕಟ್ಟಲು ತೈಲ ರಫ್ತು ಮಾಡುವ ದೇಶಗಳ ನಿಧಿಯಿಂದ ನೆರವು ಬಂದಿದ್ದರಿಂದ ಜನರ ಬಾಯಲ್ಲಿ ದುಡ್ಡು ಕೊಟ್ಟವರ ಹೆಸರೇ ನಿಂತುಬಿಟ್ಟಿತು. 2020ರಲ್ಲಿ ಕೋವಿಡ್ ಬಂದಾಗ ಸೋಂಕಿತರಿಗೆ ಹಾಸಿಗೆ ಹಾಕಿದ್ದೂ ಅಲ್ಲಿಯೇ. ಸಾರ್ವಜನಿಕ ಹಣ ಎಲ್ಲಿಂದ ಬಂತೆಂಬುದು ಇಷ್ಟು ಸ್ಪಷ್ಟವಾಗಿ ಜನರ ನೆನಪಿನಲ್ಲಿ ಉಳಿಯುವುದು ಅಪರೂಪ. ಅದೇ ಊರಿನ ನಲ್ಲಿ, ಚರಂಡಿ, ಕಸದ ಗಾಡಿಗಳ ಖರ್ಚು ಯಾರ ಗಂಟಿನಿಂದ ಬರುತ್ತದೆ ಎಂದು ಕೇಳಿದರೆ ಹೇಳುವವರು ಸಿಗುವುದಿಲ್ಲ.

ಮಹಾಮಾರಿಯ ನಂತರ ಊರುಗಳು ಚೇತರಿಸಿಕೊಳ್ಳಲು ದಿಲ್ಲಿಯಿಂದ ದುಡ್ಡು ಬಂತು ಎಂಬ ಮಾತನ್ನು ಎಲ್ಲರೂ ಕೇಳಿದ್ದಾರೆ. ಬಂದದ್ದು ನಿಜ. ಆದರೆ ಯಾವ ರೂಪದಲ್ಲಿ ಬಂತು, ರಾಯಚೂರು ನಗರಸಭೆಗೋ ಮಾನ್ವಿ, ದೇವದುರ್ಗದ ಪುರಸಭೆಗಳಿಗೋ ಅದರಲ್ಲಿ ಎಷ್ಟರ ಮೇಲೆ ಸ್ವಂತ ತೀರ್ಮಾನದ ಹಕ್ಕಿತ್ತು ಎಂಬುದು ಬೇರೆಯೇ ಸಂಗತಿ.

ಅಮೆರಿಕದಲ್ಲಿ ನಡೆದದ್ದು ಹೀಗೆ. 2021ರ ಮಾರ್ಚ್‌ನಲ್ಲಿ ಅಲ್ಲಿನ ಸಂಸತ್ತು ಒಂದು ಕಾಯ್ದೆ ಮಾಡಿ ರಾಜ್ಯಗಳು, ಕೌಂಟಿಗಳು, ನಗರಗಳು ಮತ್ತು ಮೂಲನಿವಾಸಿ ಸರ್ಕಾರಗಳಿಗೆ ಒಟ್ಟು 350 ಶತಕೋಟಿ ಡಾಲರ್ ಹಂಚಿತು. ನಷ್ಟವಾದ ವರಮಾನ ತುಂಬಿಕೊಳ್ಳಿ, ನೌಕರರ ಸಂಬಳ ಕೊಡಿ, ನೀರು ಚರಂಡಿ ನೋಡಿಕೊಳ್ಳಿ, 2024ರ ಡಿಸೆಂಬರ್ ಕೊನೆಯೊಳಗೆ ಯಾವುದಕ್ಕೆಂದು ಗೊತ್ತುಮಾಡಿ, 2026ರ ಡಿಸೆಂಬರ್ ಕೊನೆಯೊಳಗೆ ಖರ್ಚು ಮಾಡಿ ಎಂದಿತು. ಹಾಗಾಗಿ ಅಲ್ಲಿನ ನಗರಸಭೆಗಳಲ್ಲಿ ಮೇಜು ಗುದ್ದಿ ಜಗಳವಾಡಲು ಒಂದು ವಿಷಯವಿತ್ತು. ನಮ್ಮಲ್ಲಿ ಅಂಥ ಒಂದು ಗಂಟು ಬರಲೇ ಇಲ್ಲ. ಬಂದದ್ದು ಹಲವು ಲಕೋಟೆಗಳು. ಪ್ರತಿಯೊಂದರ ಮೇಲೂ ಇದು ಇಂಥದ್ದಕ್ಕೆ ಎಂದು ಮೊದಲೇ ಬರೆದಿತ್ತು.

ಅವುಗಳಲ್ಲಿ ದೊಡ್ಡದು ಹಣಕಾಸು ಆಯೋಗದ್ದು. ಸಂವಿಧಾನದ 280ನೆಯ ವಿಧಿಯಂತೆ ರಚನೆಯಾಗುವ ಈ ಆಯೋಗ ಕೇಂದ್ರ ಸಂಗ್ರಹಿಸಿದ ತೆರಿಗೆಯಲ್ಲಿ ರಾಜ್ಯಗಳ ಪಾಲೆಷ್ಟು ಎಂದು ಹೇಳುತ್ತದೆ. 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿಯ ನಂತರ ನಗರಸಭೆ, ಪುರಸಭೆಗಳ ಕೈಬಲಪಡಿಸುವ ದಾರಿಯನ್ನೂ ಅದು ಹೇಳಬೇಕಾಯಿತು. ಎನ್. ಕೆ. ಸಿಂಗ್ ಅಧ್ಯಕ್ಷತೆಯ 15ನೆಯ ಆಯೋಗ 2020-21ರ ಒಂದು ವರ್ಷಕ್ಕಾಗಿ ಕೊಟ್ಟ ಮೊದಲ ವರದಿ ಸಂಸತ್ತಿನ ಮುಂದೆ ಬಂದದ್ದು 2020ರ ಫೆಬ್ರವರಿ 1ರಂದು. ಆಗ ಕೊರೊನಾ ಎಂಬುದು ಇನ್ನೂ ಚೀನಾದ ಸುದ್ದಿ. ಅಂದರೆ ಮಹಾಮಾರಿಯ ವರ್ಷದಲ್ಲಿ ಊರುಗಳಿಗೆ ತಲುಪಿದ ಅನುದಾನದ ಲೆಕ್ಕ ಮಹಾಮಾರಿಗೆ ಮೊದಲೇ ಕಟ್ಟಿದ್ದು. ಮುಂದಿನ ಐದು ವರ್ಷಗಳ ಎರಡನೆಯ ವರದಿಗೆ ಆಯೋಗ ಇಟ್ಟ ಹೆಸರೇ ‘ಕೋವಿಡ್ ಕಾಲದ ಹಣಕಾಸು ಆಯೋಗ’. 2021-22ರಿಂದ 2025-26ರವರೆಗೆ ದೇಶದ ನಗರ ಸಂಸ್ಥೆಗಳಿಗೆ 1,21,055 ಕೋಟಿ ರೂಪಾಯಿ ಕೊಡಬೇಕೆಂದು ಅದು ಹೇಳಿತು. ಆರೋಗ್ಯಕ್ಕೆಂದೇ ಸ್ಥಳೀಯ ಸಂಸ್ಥೆಗಳ ಮೂಲಕ ಪ್ರತ್ಯೇಕವಾಗಿ 70,051 ಕೋಟಿ ಇಟ್ಟಿತು. ಹಿಂದಿನ ಯಾವ ಆಯೋಗವೂ ಹೀಗೆ ಮಾಡಿರಲಿಲ್ಲ. ಆಸ್ಪತ್ರೆಯ ಬಾಗಿಲು ತಟ್ಟುವ ಮೊದಲೇ ಓಣಿಯ ಮಟ್ಟದಲ್ಲಿ ವೈದ್ಯರು ಸಿಗಬೇಕೆಂಬ ಪಾಠವನ್ನು ಕೋವಿಡ್ ಕಲಿಸಿತ್ತು. ಕರ್ನಾಟಕದಲ್ಲಿ 2022ರ ಡಿಸೆಂಬರ್ 14ರಂದು ಹುಬ್ಬಳ್ಳಿಯಲ್ಲಿ ಉದ್ಘಾಟನೆಯಾದ ‘ನಮ್ಮ ಕ್ಲಿನಿಕ್’ಗಳು ಈ ಆರೋಗ್ಯ ಅನುದಾನದ ಕೂಸು. ರಾಜ್ಯಕ್ಕೆ ಮಂಜೂರಾದದ್ದು 438. ಅದರಲ್ಲಿ 243 ಬೆಂಗಳೂರಿಗೇ ಹೋದವು.

ಈಗ ನೀರು, ಚರಂಡಿಯ ಲಕೋಟೆಯನ್ನು ಬಿಚ್ಚಿ ನೋಡೋಣ. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆಲ್ಲ ಒಂದೇ ನಿಯಮ. 2011ರ ಜನಗಣತಿಯಲ್ಲಿ ಎರಡೂಕಾಲು ಲಕ್ಷ ದಾಟಿದ್ದ ರಾಯಚೂರಿಗೂ, ಸುಮಾರು 46 ಸಾವಿರವಿದ್ದ ಮಾನ್ವಿಗೂ, ಅದಕ್ಕಿಂತ ಚಿಕ್ಕದಾದ ದೇವದುರ್ಗಕ್ಕೂ ಅದೇ. ನೂರು ರೂಪಾಯಿ ಬಂತೆನ್ನಿ. ಅದರಲ್ಲಿ 30 ರೂಪಾಯಿ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ. ಇನ್ನೊಂದು 30 ನೈರ್ಮಲ್ಯ ಮತ್ತು ಘನತ್ಯಾಜ್ಯ ವಿಲೇವಾರಿಗೆ. ಉಳಿದ 40 ರೂಪಾಯಿಯನ್ನು ಊರು ತನಗೆ ಬೇಕಾದ ಕೆಲಸಕ್ಕೆ ಬಳಸಬಹುದಿತ್ತು. ಆದರೆ ಅದಕ್ಕೂ ಒಂದು ಬೇಲಿಯಿತ್ತು: ಸಂಬಳಕ್ಕೆ, ಕಚೇರಿಯ ಖರ್ಚಿಗೆ ಮುಟ್ಟುವಂತಿರಲಿಲ್ಲ.

ಈ ಬೇಲಿಯ ಅರ್ಥವೇನೆಂದು ಕೋವಿಡ್ ತಿಂಗಳುಗಳಲ್ಲಿ ಗೊತ್ತಾಯಿತು. ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಬೀದಿಗಿಳಿದವರು ಪೌರಕಾರ್ಮಿಕರು. ಅವರು ತಳ್ಳುವ ಗಾಡಿಯನ್ನು ಈ ಹಣದಿಂದ ಕೊಳ್ಳಬಹುದಿತ್ತು, ತಳ್ಳುವವರಿಗೆ ಕೂಲಿ ಕೊಡುವಂತಿರಲಿಲ್ಲ. ಅದಕ್ಕೆ ರಾಜ್ಯ ಸರ್ಕಾರದ ಅನುದಾನ ಅಥವಾ ಊರಿನ ಸ್ವಂತ ವರಮಾನ ಬೇಕು. ಸ್ವಂತ ವರಮಾನವೆಂದರೆ ಮನೆ ತೆರಿಗೆ, ನೀರಿನ ಶುಲ್ಕ, ಮಳಿಗೆಗಳ ಬಾಡಿಗೆ, ಸಂತೆಯ ಸುಂಕ. ಸಂತೆಯೇ ನಿಂತ ಮೇಲೆ ಸುಂಕವೆಲ್ಲಿ? ಬೇಗ ತೆರಿಗೆ ಕಟ್ಟಿದವರಿಗೆ ಸಿಗುವ ಶೇ 5ರ ರಿಯಾಯಿತಿಯ ಗಡುವನ್ನೂ ಆ ವರ್ಷ ಮುಂದೂಡಬೇಕಾಯಿತು. ರಾಜ್ಯದ ಕೈಯೂ ಬಿಗಿಯಾಗಿತ್ತು. ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೆಯ ಆಯೋಗದ ಕಾಲದ ಶೇ 4.71ರಿಂದ ಶೇ 3.65ಕ್ಕೆ ಇಳಿದಿತ್ತು. ಸಂಸದರ ಕ್ಷೇತ್ರಾಭಿವೃದ್ಧಿ ನಿಧಿಯನ್ನು 2020ರ ಏಪ್ರಿಲ್‌ನಲ್ಲಿ ನಿಲ್ಲಿಸಿ, ಮತ್ತೆ ತೆರೆದದ್ದು 2021ರ ನವೆಂಬರಿನಲ್ಲಿ. ಒಂದು ಲಕೋಟೆ ಬರುತ್ತಿರುವಾಗಲೇ ಇನ್ನೊಂದು ಮುಚ್ಚಿತ್ತು.

ರಾಯಚೂರು ಜಿಲ್ಲೆಗೆ ರೋಗ ತಡವಾಗಿ ಬಂತು. 2020ರ ಮೇ ಮಧ್ಯದವರೆಗೂ ಇಲ್ಲಿ ಸೋಂಕು ಇರಲಿಲ್ಲ. ಬಂದದ್ದು ಗುಳೆ ಹೋದವರ ಜೊತೆಗೆ. ದೇವದುರ್ಗ, ಮಾನ್ವಿ ಕಡೆಯ ಕೂಲಿಕಾರರು ಬೇಸಿಗೆಗೆ ಬೆಂಗಳೂರು, ಮುಂಬೈ, ಪುಣೆಯ ಕಟ್ಟಡದ ಕೆಲಸಕ್ಕೆ ಹೋಗುವುದು ಹಳೆಯ ರೂಢಿ. ಮಳೆ ಕೈಕೊಟ್ಟ ವರ್ಷವಂತೂ ಮುದುಕರು ಮಕ್ಕಳನ್ನು ಬಿಟ್ಟು ಊರೇ ಖಾಲಿಯಾಗುತ್ತದೆ. ಅವರು ಮರಳಿ ಬಂದಾಗ ಶಾಲೆ, ಹಾಸ್ಟೆಲುಗಳಲ್ಲಿ ಇರಿಸಿ ಊಟ ನೀರು ನೋಡಿಕೊಳ್ಳುವ ಹೊಣೆ ಜಿಲ್ಲಾಡಳಿತದ ಜೊತೆಗೆ ಸ್ಥಳೀಯ ಸಂಸ್ಥೆಗಳ ಮೇಲೂ ಬಿತ್ತು. ದೇವದುರ್ಗ ಎಂಥ ತಾಲ್ಲೂಕು ಎಂಬುದಕ್ಕೆ ದಾಖಲೆಯೇ ಇದೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದಿತು. ಆ ಪಟ್ಟಿಯ ತಳದಲ್ಲಿದ್ದದ್ದು ದೇವದುರ್ಗ. ಮಾನ್ವಿಯೂ ಆ 39ರಲ್ಲೇ ಇದೆ.

ಇನ್ನೊಂದು ವಿಚಿತ್ರವನ್ನು ಓದುಗರು ಮರೆತಿರಬಹುದು. ಈ ಊರುಗಳ ಜನ 2018ರ ಆಗಸ್ಟ್ 31ರಂದು ಮತ ಹಾಕಿ ಸದಸ್ಯರನ್ನು ಆರಿಸಿದ್ದರು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ತಕರಾರು ಹೈಕೋರ್ಟ್ ಮೆಟ್ಟಿಲೇರಿ, ರಾಜ್ಯದ ಬಹುತೇಕ ಕಡೆ ಆ ಸ್ಥಾನಗಳು ತುಂಬಿದ್ದು 2020ರ ಅಕ್ಟೋಬರ್-ನವೆಂಬರಿನಲ್ಲಿ. ಮಹಾಮಾರಿಯ ಮೊದಲ ಅಲೆ ಅಷ್ಟರಲ್ಲಿ ಹಾದುಹೋಗಿತ್ತು. ಗೆದ್ದ ಸದಸ್ಯರಿದ್ದರು, ಸಭೆ ಕರೆಯುವವರಿರಲಿಲ್ಲ. ಯಾವ ಓಣಿಗೆ ಮೊದಲು ನೀರಿನ ಟ್ಯಾಂಕರ್, ಯಾವ ವಾರ್ಡಿಗೆ ಔಷಧಿ ಸಿಂಪಡಣೆ ಎಂಬುದನ್ನು ಆಡಳಿತಾಧಿಕಾರಿಗಳೇ ತೀರ್ಮಾನಿಸಬೇಕಾಯಿತು.

ದುಡ್ಡು ಸಾಗುವ ದಾರಿಯನ್ನೂ ಹೇಳಿಬಿಡಬೇಕು. ಕೇಂದ್ರದಿಂದ ಹಣ ವರ್ಷಕ್ಕೆ ಎರಡು ಕಂತಿನಲ್ಲಿ ರಾಜ್ಯದ ಖಜಾನೆಗೆ ಬರುತ್ತದೆ. ರಾಜ್ಯ ಅದನ್ನು ಹತ್ತು ಕೆಲಸದ ದಿನಗಳಲ್ಲಿ ಊರುಗಳಿಗೆ ದಾಟಿಸಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಈ ನಿಯಮ ಒಳ್ಳೆಯದೇ. ನಿಧಾನವಾಗುವುದು ಅಲ್ಲಿಂದಾಚೆಗೆ. ಎಂಜಿನಿಯರ್ ಅಂದಾಜುಪಟ್ಟಿ ಮಾಡಬೇಕು, ಸಭೆ ಕ್ರಿಯಾಯೋಜನೆಗೆ ಒಪ್ಪಬೇಕು, ಜಿಲ್ಲಾಡಳಿತ ಅನುಮೋದಿಸಬೇಕು, ಟೆಂಡರ್ ಕರೆಯಬೇಕು, ಗುತ್ತಿಗೆದಾರ ಬರಬೇಕು, ಕೆಲಸವಾದ ಮೇಲೆ ಅಳತೆ, ಬಿಲ್ಲು, ಬಳಕೆ ಪ್ರಮಾಣಪತ್ರ. ಚಿಕ್ಕ ಪುರಸಭೆಯಲ್ಲಿ ಈ ಎಲ್ಲವನ್ನೂ ಮಾಡುವವರು ಒಬ್ಬಿಬ್ಬರು. ಹೀಗಾಗಿ ಒಂದು ಅಭ್ಯಾಸ ಬೇರೂರಿದೆ: ಅಳತೆ ಮಾಡಲು ಬರುವ ಕೆಲಸವೇ ಒಳ್ಳೆಯ ಕೆಲಸ. ಸಿ.ಸಿ. ರಸ್ತೆ, ಚರಂಡಿ, ಕೊಳವೆಬಾವಿ, ನೀರಿನ ಟ್ಯಾಂಕ್. ಕಟ್ಟಿದ ಟ್ಯಾಂಕನ್ನು ತಿಂಗಳಿಗೊಮ್ಮೆ ತೊಳೆಯುವುದು ಯಾವ ಶಿಲಾಫಲಕದಲ್ಲಿಯೂ ಬರುವುದಿಲ್ಲ.

ಅದರ ಬೆಲೆ ಏನೆಂದು ರಾಯಚೂರಿಗೆ ತಿಳಿದದ್ದು 2022ರ ಮೇ ಕೊನೆಯಲ್ಲಿ. ನಗರದ ಕೆಲವು ಬಡಾವಣೆಗಳಲ್ಲಿ ನಲ್ಲಿ ನೀರು ಕುಡಿದವರಿಗೆ ವಾಂತಿ ಭೇದಿ ಶುರುವಾಯಿತು. ಆಸ್ಪತ್ರೆ ಸೇರಿದವರಲ್ಲಿ ಹಲವರು ಸತ್ತರು. ಊರಿಗೆ ನೀರು ಬರುವುದು ಎರಡು ಕಡೆಯಿಂದ: ಒಂದು ಕೃಷ್ಣೆಯಿಂದ, ಇನ್ನೊಂದು ತುಂಗಭದ್ರಾ ಎಡದಂಡೆ ಕಾಲುವೆಯಿಂದ ತುಂಬುವ ರಾಂಪುರದ ಜಲಾಶಯದಿಂದ. ಬೆರಳು ತೋರಿದ್ದು ರಾಂಪುರದ ಶುದ್ಧೀಕರಣ ಘಟಕದ ಕಡೆಗೆ. ಅಲ್ಲಿನ ತೊಟ್ಟಿಗಳಲ್ಲಿ ಹೂಳು ತುಂಬಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ತನಿಖೆಗೆ ಆದೇಶಿಸಿದರು, ಪರಿಹಾರ ಘೋಷಣೆಯಾಯಿತು.

ಇಲ್ಲಿ ಗಮನಿಸಬೇಕಾದದ್ದು ಕಾಲಕ್ರಮ. ಕುಡಿಯುವ ನೀರಿಗೆಂದೇ ಮೀಸಲಾದ ಅನುದಾನದ ವ್ಯವಸ್ಥೆ ಅದಕ್ಕೆ ಎರಡು ವರ್ಷ ಮೊದಲೇ ಜಾರಿಯಲ್ಲಿತ್ತು. ನೀರಿನ ಲಕೋಟೆ ಇರಲಿಲ್ಲ ಎನ್ನುವಂತಿಲ್ಲ. ಆದರೆ ಹೊಸ ಕೊಳವೆಗೆ, ಹೊಸ ಯಂತ್ರಕ್ಕೆ ಸುಲಭವಾಗಿ ಒಗ್ಗುವ ಹಣ ಹೂಳು ತೆಗೆಯುವ ಕೈಗಳಿಗೆ, ದಿನವೂ ಕ್ಲೋರಿನ್ ಅಳೆಯುವ ಆಪರೇಟರನ ಸಂಬಳಕ್ಕೆ ಒಗ್ಗುವುದಿಲ್ಲ. 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಮತ್ತೆ ಕುಡಿಯುವ ನೀರಿನಿಂದಲೇ ಜನ ಆಸ್ಪತ್ರೆ ಸೇರಿದರು, ಮಗುವೊಂದು ಸತ್ತಿತು. ಅದು ಗ್ರಾಮ ಪಂಚಾಯಿತಿಯ ವ್ಯಾಪ್ತಿ. ಅಲ್ಲಿಗೂ ನೀರಿಗೆ, ನೈರ್ಮಲ್ಯಕ್ಕೆ ಎಂದು ಹೆಸರು ಬರೆದ ಅನುದಾನವೇ ಹೋಗುತ್ತದೆ.

ನೀರಿನ ವಿಷಯದಲ್ಲಿ ರಾಯಚೂರು ಬಡ ಊರೇನಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಈ ದೋಆಬ್. ಇದಕ್ಕಾಗಿ ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಹೊಡೆದಾಡಿದರು. ಊರೊಳಗೇ ಖಾಸ್ ಬಾವಿ ಇದೆ, ಆಮ್ ತಾಲಾಬ್ ಇದೆ. ಆಮ್ ಎಂದರೆ ಮಾವು ಎಂದೂ ಆಗುತ್ತದೆ, ಎಲ್ಲರಿಗೂ ಸೇರಿದ್ದು ಎಂದೂ ಆಗುತ್ತದೆ. ಕನ್ನಡದಲ್ಲಿ ಅದು ಮಾವಿನಕೆರೆಯಾಗಿ ಉಳಿಯಿತು. ಎಲ್ಲರಿಗೂ ಸೇರಿದ್ದು ಎಂಬ ಅರ್ಥ ಎಲ್ಲೋ ಕಳೆದುಹೋಯಿತು. ಕಾಲುವೆಯ ಕೊನೆಭಾಗದಲ್ಲಿರುವ ಮಾನ್ವಿಯ ಕಷ್ಟ ಬೇರೆ ಬಗೆಯದು. ಅಲ್ಲಿ ಹಣ ಬಂದರೂ ಕಾಲುವೆಯಲ್ಲಿ ನೀರು ಬರಬೇಕು.

ದಿಲ್ಲಿಯ ಲಕೋಟೆಗಳ ಪಕ್ಕದಲ್ಲಿ ಬೆಂಗಳೂರಿನದೂ ಒಂದಿದೆ. ಸಂವಿಧಾನದ 371(ಜೆ) ವಿಧಿಯ ಫಲವಾಗಿ ಹುಟ್ಟಿದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಹಿಂದೆ ವರ್ಷಕ್ಕೆ 1,500 ಕೋಟಿ ಘೋಷಣೆಯಾಗುತ್ತಿದ್ದದ್ದು 2022-23ರಲ್ಲಿ 3,000 ಕೋಟಿಗೆ, ಮರುವರ್ಷ 5,000 ಕೋಟಿಗೆ ಏರಿತು. ಬೀದಿ ವ್ಯಾಪಾರಿಗಳಿಗೆ 2020ರ ಜೂನ್‌ನಲ್ಲಿ ಆರಂಭವಾದ ಸ್ವನಿಧಿ ಯೋಜನೆಯಲ್ಲಿ ನಗರಸಭೆಯ ಕೈ ದಾಟುವುದು ದುಡ್ಡಲ್ಲ, ಬರಿ ಪಟ್ಟಿ. ತೀನ್ ಕಂದಿಲ್ ಬಳಿ ತಳ್ಳುಗಾಡಿ ಇಟ್ಟವರು ವ್ಯಾಪಾರಿ ಹೌದೆಂದು ನಗರಸಭೆ ಹೇಳಿದರೆ ಬ್ಯಾಂಕು ಆಗ 10,000 ರೂಪಾಯಿ ಸಾಲ ಕೊಡುತ್ತಿತ್ತು. ಮಹಾಮಾರಿಯ ಯೋಜನೆಗಳಲ್ಲಿ ಬಡವರ ಕೈಗೆ ನೇರವಾಗಿ ತಲುಪಿದ್ದು ಇಂಥ ಸಣ್ಣವೇ ಎನ್ನಬೇಕು.

ರಾಯಚೂರು ನಗರಸಭೆ ಈಚೆಗೆ ಮಹಾನಗರ ಪಾಲಿಕೆಯಾಗಿದೆ. ಪಾಲಿಕೆಗಳ ಕಾಯ್ದೆಗೆ 2011ರಲ್ಲಿ ಸೇರಿದ ತಿದ್ದುಪಡಿಯಂತೆ ವಾರ್ಡ್ ಸಮಿತಿಗಳೂ ಅವುಗಳ ಕೆಳಗೆ ಪ್ರದೇಶ ಸಭೆಗಳೂ ಇರಬೇಕು. ನೀರಿನ ತೊಟ್ಟಿ ತೊಳೆದ ತಾರೀಖು ಕೇಳಲು ಅದು ಸರಿಯಾದ ಜಾಗ. 15ನೆಯ ಆಯೋಗ ಹಾಕಿದ ಷರತ್ತುಗಳಲ್ಲಿ ಇನ್ನೂ ಒಂದಿತ್ತು: ಅನುದಾನ ಬೇಕಾದರೆ ಊರು ತನ್ನ ಲೆಕ್ಕವನ್ನು, ಲೆಕ್ಕಪರಿಶೋಧನೆಯಾದದ್ದನ್ನೂ ಸೇರಿಸಿ, ಎಲ್ಲರಿಗೂ ಕಾಣುವಂತೆ ಅಂತರ್ಜಾಲದಲ್ಲಿ ಹಾಕಬೇಕು. ಅದಕ್ಕೆಂದೇ ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ ‘ಸಿಟಿ ಫೈನಾನ್ಸ್’ ಎಂಬ ತಾಣ ಮಾಡಿದೆ. ರಾಯಚೂರು, ಮಾನ್ವಿ, ದೇವದುರ್ಗದಂಥ ಊರುಗಳ ಲೆಕ್ಕ ಹುಡುಕಬೇಕಾದದ್ದು ಅಲ್ಲಿಯೇ. ತಾಣದ ಭಾಷೆ ಇಂಗ್ಲಿಷು.